ಮಸ್ಕತ್ತಿಗೆ ಬಂದ ಮೂರು ಬುತ್ತಿ

ಮೊದಲೇ ಹೇಳಿಬಿಡುತ್ತೇನೆ. ಯೂಸುಫ್ ಎಂಬ ಪಠಾಣ ಲಾರಿ ಡ್ರೈವರು, ಕುಟ್ಟಪ್ಪ ಎಂಬ ಮಲೆಯಾಳಿ ಅಡುಗೆಯವ, ಪೆದ್ರು ಅಂಕಲ್ ಎಂಬ ಗೋವೆಯ ಮುದುಕ ಗುಮಾಸ್ತ, ಈ ಮೂವರೂ ಹುಟ್ಟಿದ್ದು ನನ್ನ ಗಂಟಲಿನಲ್ಲಿ. ಮಸ್ಕತ್ತಿನಲ್ಲಿ ಅವರನ್ನು ಯಾರೂ ನೋಡಿಲ್ಲ, ನಾನೂ ನೋಡಿಲ್ಲ. ಆದರೆ ಇತ್ತ ವಾಡಿಯಲ್ಲಿ ನನ್ನಪ್ಪ ಅವರಿಗೆಲ್ಲ ಊಟ ಆಯಿತೇ ಎಂದು ವಿಚಾರಿಸುತ್ತಿದ್ದ. ಕಾಗದದ ಬದಲು ನಾನು ಮಾತು ತುಂಬಿ ಕಳಿಸಿದ ಟೇಪಿನಿಂದ ಯೂಸುಫ್ "ಸಲಾಮ್ ಚಾಚಾ, ಕೈಸೇ ಹೈಂ?" ಎಂದೊಡನೆ ಅಪ್ಪ ಗುಂಡಿ ಒತ್ತಿ ಟೇಪು ನಿಲ್ಲಿಸುವನು. ಹೆಗಲ ಮೇಲಿನ ಟವೆಲು ಸರಿಮಾಡಿಕೊಳ್ಳುವನು. "ಆರಾಮ ಇದ್ದೀವಪಾ. ನಿಂದು ಊಟ ಆಯ್ತೇನು?" ಎಂದು ಕೇಳಿ, ಆ ಕಡೆಯವನು ಉತ್ತರ ಹೇಳಲು ಬೇಕಾದಷ್ಟು ಹೊತ್ತು ಬಿಟ್ಟು, ಆಮೇಲೆ ಮತ್ತೆ ಗುಂಡಿ ಒತ್ತುವನು.

ಊಟ ಆಯಿತೇ ಎಂದು ಕೇಳದೆ ಅಪ್ಪ ಯಾರನ್ನೂ ಮಾತಾಡಿಸಿದ್ದಿಲ್ಲ. ವಾಡಿ ಸ್ಟೇಷನ್ನಿನ ಎದುರಿಗೆ ನಮ್ಮದೊಂದು ಖಾನಾವಳಿ. ರಾಯಚೂರ ಕಡೆಯಿಂದ ಬಂದು ಚಿತ್ತಾಪುರ, ಸೇಡಂ ಕಡೆ ಹೋಗುವವರು ಗಾಡಿ ಬದಲಿಸಲು ಇಳಿದಾಗ ನಮ್ಮಲ್ಲಿ ಉಣ್ಣುತ್ತಿದ್ದರು. ಜನ ಮಲ್ಲಣ್ಣನ ಖಾನಾವಳಿ ಎನ್ನುತ್ತಿದ್ದರು, ಆದರೆ ಮಲ್ಲಣ್ಣನ ಮುಖ ಕಂಡ ಗಿರಾಕಿಗಳು ಕಡಿಮೆ. ಅಪ್ಪ ಕೂರುತ್ತಿದ್ದುದು ಪರದೆಯ ಹಿಂದೆ, ಒಲೆಯ ಪಕ್ಕದಲ್ಲಿ. ಅಲ್ಲಿಂದಲೇ ಕಿವಿಯಲ್ಲಿ ಖಾನಾವಳಿ ನಡೆಸುವನು. "ಮೂಲ್ಯಾಗಿನ ತಾಟು ಖಾಲಿ ಆಗ್ಯಾದ ನೋಡು, ಅನ್ನ ಹಾಕು. ಬಾಗಲಾ ಕಡೀ ಕುಂತವರು ರೊಟ್ಟಿ ಮುರೀಲಿಕತ್ತಾರ, ತಿನ್ನಲಿಕತ್ತಿಲ್ಲ. ಪಲ್ಯ ಖಾರ ಆಗಿರಬೇಕು, ಮೊಸರು ಕೊಡು." ತಾಟಿನ ಸಪ್ಪಳ, ಬೆರಳು ತಾಟಿನ ತಳ ಸವರುವ ಸಪ್ಪಳ, ತುತ್ತು ನುಂಗದೆ ತಡೆದ ಸಪ್ಪಳ, ಎಲ್ಲ ಅವನಿಗೆ ಕೇಳುತ್ತಿತ್ತು.

ನಾನು ಆಗಿನಿಂದಲೇ ಬಾಯಿಬಡುಕ. ಯಾರ ದನಿ ಕಿವಿಗೆ ಬಿದ್ದರೂ ಅದು ನನ್ನ ಬಾಯಿಂದ ಹೊರಬರಬೇಕು. ಟಿಕೇಟು ಕೇಳುವ ಬಾಬು, ಹಾಲಿನ ನಾಗಮ್ಮ, ಅವ್ವನೊಡನೆ ಜಗಳ ತೆಗೆಯುವ ಸೋದರತ್ತೆ, ಯಾರನ್ನೂ ಬಿಟ್ಟವನಲ್ಲ. ನಮ್ಮಲ್ಲಿಗೆ ಬರುತ್ತಿದ್ದ ಶಹಾಬಾದದ ಮಾಸ್ತರರೊಬ್ಬರಿಗೆ ಹಲ್ಲೆಲ್ಲ ಹೋಗಿದ್ದವು. ಒಂದು ದಿನ ಅವರು ಕೂರುವ ಜಾಗದಲ್ಲಿ ಕೂತು, ಅವರದೇ ಗಾಳಿ ತುಂಬಿದ ದನಿಯಲ್ಲಿ, "ಮಲ್ಲಣ್ಣಾ, ಒಂದು ಹೋಳಿಗಿ ಕಳಸೋ" ಎಂದೆ. ಪರದೆಯ ಹಿಂದಿನಿಂದ ಹೋಳಿಗೆ ಬಂತು, ಜೊತೆಗೆ ಕೇಳದೆಯೂ ಕಡಿದರೆ ಕಟಕಟ ಎನ್ನುವ ಒಂದು ಕಡಕ ರೊಟ್ಟಿ ಬಂತು. ಗೆದ್ದೆ ಅಂದುಕೊಂಡು ಎರಡನ್ನೂ ಮುಗಿಸಿದೆ. ಒಳಗಿನಿಂದ ಅಪ್ಪನ ದನಿ ಬಂತು: "ಮಾಸ್ತರ, ಹಲ್ಲು ಯಾವಾಗ ಬಂದವ್ರಿ?"

ಉಣ್ಣುತ್ತಿದ್ದವರೆಲ್ಲ ನಕ್ಕರು. ಅಪ್ಪ ಪರದೆ ಸರಿಸಿ ಇಣುಕಿದ. "ದನಿ ಯಾರದರ ಕದೀತಿ ಮಗನ, ತಿನ್ನೋದು ಮಾತ್ರ ನಿನ್ನಂಗೇ ತಿಂತಿ."

ಇಂಥ ಅಪ್ಪನೊಡನೆ ಜಗಳಾಡಿ ನಾನು ಮಸ್ಕತ್ತಿಗೆ ಹೋದೆ. ಒಲೆಯ ಹೊಗೆಯಲ್ಲಿ ನಾನು ಕೂರುವವನಲ್ಲ, ದೇಶ ನೋಡುತ್ತೇನೆ, ನಾಲ್ಕು ಜನರೊಡನೆ ಬೆರೆಯುತ್ತೇನೆ ಎಂದು ದೊಡ್ಡ ಭಾಷಣ ಮಾಡಿದೆ. ಅಪ್ಪ ತಡೆಯಲಿಲ್ಲ. "ಹೋಗು. ಒಬ್ಬನೇ ಕುಂತು ಮಾತ್ರ ಉಣಬ್ಯಾಡ" ಎಂದ.

ಸಿಕ್ಕ ಕೆಲಸ ಒಬ್ಬ ಗುಜರಾತಿ ಸೇಠನ ಸಿಮೆಂಟು ಗೋದಾಮು ಕಾಯುವುದು. ಗೋದಾಮು ಊರ ಹೊರಗೆ, ಬೋಳು ಗುಡ್ಡದ ಬುಡದಲ್ಲಿ. ಲಾರಿಗಳು ಬರುವವು, ಚೀಲ ಏರಿಸಿಕೊಂಡು ಹೋಗುವವು. ಗೋದಾಮಿನ ಹಿಂದೆ ನನ್ನ ಕೋಣೆ. ಸಂಜೆಯಾದ ಮೇಲೆ ಮಾತಾಡಲು ಮನುಷ್ಯರಿಲ್ಲ. ಇದನ್ನು ಊರಿಗೆ ಹೇಗೆ ಹೇಳಲಿ? ಹೇಳಿದರೆ ಅಪ್ಪ ಬೈಯುವವನಲ್ಲ. ಬಾ ಎನ್ನುವನು, ನಾನು ಓಡಿ ಹೋಗಿಬಿಡುವೆನು, ಮಾಡಿದ ಭಾಷಣದ ಗತಿ ಏನು? ಅದಕ್ಕೇ ಟೇಪಿನಲ್ಲಿ ಮೂವರನ್ನು ಹುಟ್ಟಿಸಿದೆ. ಯೂಸುಫ್ ಜೋರು ದನಿಯವ. ಕುಟ್ಟಪ್ಪ ನಾನು ಕಲಿಸಿದ ಹರಕು ಕನ್ನಡದಲ್ಲಿ ಅವ್ವನಿಗೆ ಸಾರಿನ ಮಸಾಲೆ ಕೇಳುವನು. ಪೆದ್ರು ಅಂಕಲ್ ಕೆಮ್ಮುತ್ತ ಆಶೀರ್ವಾದ ಮಾಡುವನು. ಒಂದು ಟೇಪಿನಲ್ಲಂತೂ ನಾಲ್ವರೂ ಕೂತು ಉಣ್ಣುವ ಪ್ರಸಂಗವನ್ನೇ ಹಾಕಿದ್ದೆ. ಯೂಸುಫ್ ಕುಟ್ಟಪ್ಪನ ಮೀನು ಕದಿಯುವುದು, ಕುಟ್ಟಪ್ಪ ಕೂಗುವುದು, ಅಂಕಲ್ ನ್ಯಾಯ ಹೇಳುವುದು. ನಡುನಡುವೆ ನಾನು ಗಬಗಬ ತಿಂದಂತೆ ಸಪ್ಪಳ ಮಾಡಿ ತಾಟು ಬಾರಿಸುವುದು. ನನ್ನ ನಾಟಕಕ್ಕೆ ನಾನೇ ನಕ್ಕೂ ನಕ್ಕೂ ಕೊನೆಗೆ ಅನ್ನ ಹಾಗೇ ಉಳಿದಿತ್ತು.

ಆ ಟೇಪು ಮುಟ್ಟಿದ ಮೇಲೆ ಅಪ್ಪ ಮಸ್ಕತ್ತು ನೋಡಬೇಕೆಂದು ಹಟ ಹಿಡಿದ. ಖಾನಾವಳಿ ಬಿಟ್ಟು ಸೇಡಮ್ಮಿನ ನೆಂಟರ ಮದುವೆಗೂ ಹೋಗದವನು ವಿಮಾನ ಹತ್ತುತ್ತೇನೆ ಎಂದ. ಸೇಠ ಒಳ್ಳೆಯವನು, ಕಾಗದಪತ್ರ ಮಾಡಿಸಿಕೊಟ್ಟ. ಅಪ್ಪ ಅವ್ವ ಇಬ್ಬರೂ ಬಂದೇಬಿಟ್ಟರು.

ಕೋಣೆಗೆ ಬಂದದ್ದೇ ತಡ, ಅವ್ವ ಚೀಲದಿಂದ ಮೂರು ಬುತ್ತಿ ತೆಗೆದು ಸಾಲಾಗಿ ಇಟ್ಟಳು. ಮೂರಕ್ಕೂ ಬೇರೆ ಬೇರೆ ಬಣ್ಣದ ಅರಿವೆ. "ಕೆಂಪಂದು ಯೂಸುಫಂದು, ಖಾರ ಹಿಂಡಿ ಅದ. ಹಳದೀದು ಕುಟ್ಟಪ್ಪಂದು, ಮಸಾಲಿ ಕುಟ್ಟಿ ತಂದೀನಿ. ಬಿಳೀದು ಆ ಅಜ್ಜಂದು, ಶೇಂಗಾ ಹೋಳಿಗಿ. ಎಲ್ಲ್ಯದಾರ ಅವರು? ಕರಿ."

"ಯೂಸುಫ್ ಲಾರಿ ತಗೊಂಡು ದೂರದ ಊರಿಗಿ ಹೋಗ್ಯಾನವ್ವಾ. ಅಂಕಲ್ ರಜಾದ ಮ್ಯಾಲ ಗೋವಾಕ್ಕ ಹೋಗ್ಯಾರ. ಕುಟ್ಟಪ್ಪ..." ಹಳದಿ ಬುತ್ತಿಯನ್ನು ಸರಿಸಿಟ್ಟೆ. "ಕುಟ್ಟಪ್ಪ ದವಾಖಾನ್ಯಾಗ ಅದಾನ. ಹೊರಗಿನವರಿಗಿ ಬಿಡಂಗಿಲ್ಲ."

ಅವ್ವನ ಕಣ್ಣು ತುಂಬಿತು. "ಅಯ್ಯ ಶಿವನ, ಯಾರ ಹೆತ್ತ ಮಗನೋ! ಅಂವ ಎದ್ದು ಅಡ್ಡಾಡಲಿ, ನಾಲವಾರ ಮಠಕ್ಕ ಹೋಗಿ ಕಾಯಿ ಒಡಿಸ್ತೀನಿ" ಎಂದು ಅಲ್ಲೇ ಹರಕೆ ಹೊತ್ತಳು. ಕಣ್ಣೊರೆಸಿಕೊಂಡು ಪಾತ್ರೆ ತೊಳೆಯಲು ಎದ್ದವಳು ಕೂಗಿದಳು: "ಏ ಬಸ್ಯಾ, ನಾಕು ಮಂದಿ ಉಣ್ತೀರಿ, ತಾಟು ಒಂದೇ ಅದಲ್ಲೋ?"

"ಅವರವರ ತಾಟು ಅವರವರು ತರ್ತಾರವ್ವಾ."

ಅಪ್ಪ ಆ ತಾಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಬೆರಳಿನಿಂದ ಅಂಚಿಗೊಮ್ಮೆ ಬಾರಿಸಿದ. ಗೋಡೆಗೆ ಒರಗಿಸಿ ಇಟ್ಟ.

ಮರುದಿನದಿಂದ ಊರು ತೋರಿಸುವ ನನ್ನ ದರ್ಬಾರು ಶುರುವಾಯಿತು. ಆ ಊರನ್ನು ನಾನೂ ಸರಿಯಾಗಿ ನೋಡಿದವನಲ್ಲ, ಕೋಟೆಯನ್ನು ಕಂಡದ್ದು ಸೇಠನ ಅಂಗಡಿಯ ಕ್ಯಾಲೆಂಡರಿನಲ್ಲಿ. ಆದರೂ ದನಿ ದೊಡ್ಡದು ಮಾಡಿ, "ನೋಡ್ರಿ ಯಾತ್ರಿಕರೇ, ಎಡಕ್ಕ ಕೋಟಿ, ಬಲಕ್ಕ ಬಂದರು" ಎಂದು ಕೈ ಬೀಸಿದೆ. ಬಲಕ್ಕೆ ಇದ್ದದ್ದು ಪೊಲೀಸು ಠಾಣೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕೋಟೆ ಸಿಕ್ಕ ಮೇಲೆ ಅಪ್ಪ ಸುತ್ತಲೂ ನೋಡಿ, "ನಮ್ಮ ಮಳಖೇಡದ್ದು ಬಿದ್ದದ. ಇದಕ್ಕ ಸುಣ್ಣಾ ಹಚ್ಯಾರ. ಅಷ್ಟೇ ಫರಕ" ಎಂದ. ಸಮುದ್ರದ ಮುಂದೆ ಮಾತ್ರ ಭಾಳ ಹೊತ್ತು ನಿಂತ. ಬಗ್ಗಿ ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿದ. "ಇಷ್ಟು ನೀರು ಇಟ್ಟು ಒಂದು ಗುಟುಕು ಕುಡ್ಯಂಗಿಲ್ಲಂದ್ರ, ಈ ದೇವರಿಗಿ ಖಾನಾವಳಿ ನಡಸಲಾಕ ಬರಂಗಿಲ್ಲ ತಗೊ."

ಬಜಾರಿನ ಸಂದಿಯಲ್ಲಿ ನಾನು ದಾರಿ ತಪ್ಪಿದೆ. ತಪ್ಪಿದ್ದನ್ನು ಒಪ್ಪಿಕೊಳ್ಳದೆ ಒಂದೇ ಅತ್ತರಿನ ಅಂಗಡಿಯ ಮುಂದೆ ಮತ್ತೆ ಮತ್ತೆ ಹಾಯ್ದೆ. ಅಪ್ಪ ನಿಂತುಬಿಟ್ಟ. ನೆರಳಲ್ಲಿ ಕೂತಿದ್ದ ಒಬ್ಬ ಕೂಲಿಯವನಿಗೆ ನಮ್ಮ ಕಡೆಯ ಉರ್ದುವಿನಲ್ಲಿ, "ಖಾನಾ ಹುವಾ ಕ್ಯಾ, ಭಾಯಿ?" ಎಂದು ಊಟ ವಿಚಾರಿಸಿದ. ಆ ಮನುಷ್ಯ ಎದ್ದು ನಿಂತ. ಅವನಿಗೂ ಆ ಮಾತನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಕೈ ಹಿಡಿದು ಚಹಾ ಕುಡಿಸಿದ, ಬಸ್ಸಿನವರೆಗೆ ಬಂದ, ಅಪ್ಪನನ್ನು ತಬ್ಬಿಕೊಂಡು ಕಳಿಸಿದ. ಅಪ್ಪನಿಗೆ ಅರ್ಧ ದಿನದಲ್ಲಿ ಸಿಕ್ಕ ದೋಸ್ತ ನನಗೆ ಅಷ್ಟು ವರ್ಷದಲ್ಲಿ ಸಿಕ್ಕಿರಲಿಲ್ಲ. ಬಸ್ಸಿನಲ್ಲಿ ಆ ಕೂಲಿಯವನ ದನಿ ಮಾಡಿ ಅವ್ವನನ್ನು ನಗಿಸಿದೆ. ಅಪ್ಪ ನಗಲಿಲ್ಲ, ನನ್ನ ಮುಖವನ್ನೇ ನೋಡುತ್ತ ಕೂತಿದ್ದ.

ಇದ್ದಷ್ಟು ದಿನವೂ ಊಟಕ್ಕೆ ಅಪ್ಪ ನನ್ನ ಎದುರಿಗೇ ಕೂತ. ಪರದೆಯ ಹಿಂದೆ ಬದುಕು ಕಳೆದವನು ಎದುರಿಗೆ ಕೂತು, ನನ್ನ ತಾಟು ಖಾಲಿಯಾಗುವುದನ್ನು ಕಣ್ಣಿಂದ ನೋಡಿದ.

ಊರಿಗೆ ಮರಳಿ, ಕುಟ್ಟಪ್ಪ ಎದ್ದ ಎಂಬ ನನ್ನ ಸುದ್ದಿ ಮುಟ್ಟಿದ ಮೇಲೆ ಅವ್ವ ಹರಕೆ ತೀರಿಸಿದಳು. ವಾಡಿಯಿಂದ ರೈಲಿನಲ್ಲಿ ನಾಲವಾರಕ್ಕೆ ಹೋಗಿ, ಮಠದಲ್ಲಿ ಕುಟ್ಟಪ್ಪನ ಹೆಸರಿನಲ್ಲಿ ಕಾಯಿ ಒಡೆಸಿದಳು. ಜೊತೆಗೆ ಅಪ್ಪನೂ ಹೋಗಿದ್ದ. ಬಿಸಿಲಲ್ಲಿ ಸಾಲಿನಲ್ಲಿ ನಿಂತು ಕಾಯಿ ಹಿಡಿದಿದ್ದವನು ಅವನೇ ಅಂತೆ.

ಮುಂದಿನ ಮಳೆಗಾಲ ಅಪ್ಪ ಒಲೆಯ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡು ಒರಗಿದನಂತೆ. ತಂತಿ ಸೇಠನ ಕೈಸೇರಿ, ಸೇಠ ಗೋದಾಮಿಗೆ ಬಂದು ಹೇಳಿ, ನಾನು ವಾಡಿ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿತ್ತು. ಪರದೆಯ ಹಿಂದೆ ಹೋಗಿ ಕೂತೆ. ಊಟಕ್ಕೆ ಬಂದ ನೆಂಟರ ತಾಟಿನ ಸಪ್ಪಳ ಕೇಳುತ್ತಿತ್ತು. ಯಾರದು ಖಾಲಿ, ಯಾರದು ಖಾರ, ನನಗೊಂದೂ ತಿಳಿಯಲಿಲ್ಲ.

ಅವ್ವ ಈಗಲೂ ಆ ಟೇಪುಗಳನ್ನು ಹಾಕುತ್ತಾಳೆ. ಯೂಸುಫ್ ಸಲಾಮ್ ಹೇಳಿದ ಕೂಡಲೇ ಗುಂಡಿ ಒತ್ತಿ ನಿಲ್ಲಿಸುತ್ತಾಳೆ. ಅಪ್ಪ ಉತ್ತರ ಕೊಡುವಷ್ಟು ಹೊತ್ತು ಸುಮ್ಮನೆ ಕೂತು ಮತ್ತೆ ಶುರು ಮಾಡುತ್ತಾಳೆ. ಅಪ್ಪನ ದನಿ ಎಲ್ಲಿಯೂ ಉಳಿದಿಲ್ಲ, ಟೇಪು ನಿಲ್ಲಿಸಿಯೇ ಮಾತಾಡುತ್ತಿದ್ದನಲ್ಲ. "ಒಮ್ಮೆ ಅವರಂಗ ಅನ್ನೋ" ಎಂದು ಅವ್ವ ಕೇಳಿದ್ದುಂಟು. ಇಡೀ ವಾಡಿಯ ದನಿ ಬರುವ ನನಗೆ ಆ ಒಂದು ದನಿ ಬರುವುದಿಲ್ಲ. "ಕುಟ್ಟಪ್ಪ ಹ್ಯಾಂಗದಾನ?" ಎಂದೂ ಕೇಳುತ್ತಾಳೆ. ಆರಾಮ ಅದಾನ ಅನ್ನುತ್ತೇನೆ. ಅವಳಿಗೆ ಈವರೆಗೂ ಹೇಳಿಲ್ಲ.

ಅಪ್ಪನಿಗೆ ಹೇಳುವ ಪ್ರಸಂಗವೇ ಬರಲಿಲ್ಲ. ಅವರು ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಅವ್ವ ನೀರು ಕುಡಿಯಲು ಆಚೆ ಹೋಗಿದ್ದಳು. ಅಪ್ಪ ಕೋಣೆಯಿಂದ ಎತ್ತಿಟ್ಟುಕೊಂಡು ಬಂದಿದ್ದ ಆ ಮೂರೂ ಬುತ್ತಿಯನ್ನು ಕೈಚೀಲದಿಂದ ತೆಗೆದ. ಕೆಂಪು, ಹಳದಿ, ಬಿಳಿ, ಗಂಟು ಬಿಚ್ಚದೆ ಹಾಗೇ ಇದ್ದವು. ಒಂದೊಂದಾಗಿ ನನ್ನ ಕೈಗಿಟ್ಟ.

ನಾನು ಎಂದಿನ ಹುರುಪಿನಲ್ಲಿ, "ಚಿಂತಿ ಮಾಡಬ್ಯಾಡಪ್ಪಾ, ಮೂವರಿಗೂ ನಾನೇ ಮುಟ್ಟಸ್ತೀನಿ. ಯೂಸುಫ್ ಅಂತೂ ಕುಣೀತಾನ ನೋಡು" ಎಂದೆ.

ಅಪ್ಪ ನನ್ನ ಕೈಯನ್ನು ಬುತ್ತಿಗಳ ಸಮೇತ ತನ್ನ ಎರಡೂ ಕೈಯಲ್ಲಿ ಒತ್ತಿ ಹಿಡಿದ.

"ಟೇಪಿನ್ಯಾಗ ದನಿ ನಾಕು ಕೇಳ್ತಿದ್ದವು ಬಸ್ಯಾ, ತಾಟು ಒಂದೇ ಕೇಳ್ತಿತ್ತು. ಮೂರೂ ನೀನೇ ತಿನ್ನು."