ಅಚ್ಚಾಗದ ಕುದುರೆ

ಕ್ಷೌರದಂಗಡಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಮಾಸ್ಟರ್ ಎಂದು. ಈ ಬಿರುದು ಕೊಟ್ಟದ್ದು ಯಾವ ಚೆಸ್ ಸಂಸ್ಥೆಯೂ ಅಲ್ಲ, ಅಂಗಡಿಯ ಯಜಮಾನ. ಆತನಿಗೋ, ಆನೆ ನೇರ ನಡೆಯುತ್ತದೋ ಓರೆಯಾಗಿ ನಡೆಯುತ್ತದೋ ಎಂಬುದೇ ತಿಳಿಯದು.

ಪ್ರತಿ ಭಾನುವಾರ ಪತ್ರಿಕೆಯಲ್ಲಿ ಒಂದು ಚೆಸ್ ಸಮಸ್ಯೆ ಬರುತ್ತಿತ್ತು. ಬಿಳಿಯ ಕಡೆಯವರು ಎರಡೇ ನಡೆಯಲ್ಲಿ ಗೆಲ್ಲಬೇಕು, ಉತ್ತರ ಮುಂದಿನ ವಾರ. ಮಾಸ್ಟರ್ ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತು, ಪತ್ರಿಕೆಯನ್ನು ದೂರ ಹಿಡಿದು ನೋಡಿ, ಕಣ್ಣು ಮುಚ್ಚುತ್ತಿದ್ದರು. ಕತ್ತಿ ಗಾಳಿಯಲ್ಲೇ ನಿಲ್ಲುತ್ತಿತ್ತು. ಎರಡು ನಿಮಿಷಕ್ಕೆ ಕಣ್ಣು ತೆರೆದು ಉತ್ತರ ಹೇಳುತ್ತಿದ್ದರು. ಮುಂದಿನ ವಾರ ಅದೇ ಉತ್ತರ ಅಚ್ಚಾಗಿ ಬರುತ್ತಿತ್ತು. ಒಂಬತ್ತು ವರ್ಷ ಒಂದು ಸಲವೂ ತಪ್ಪಿರಲಿಲ್ಲ.

ತಪ್ಪುವುದಾದರೂ ಹೇಗೆ? ಅವರು ಅದೇ ಪತ್ರಿಕೆಯಲ್ಲಿ ಪ್ರೂಫ್ ನೋಡುವವರು. ಗುರುವಾರವೇ ಸಮಸ್ಯೆಯ ಚಿತ್ರ, ಅದರ ಕೆಳಗೆ ಉತ್ತರ, ಎರಡೂ ಒಂದೇ ಹಾಳೆಯಲ್ಲಿ ಅವರ ಮೇಜಿಗೆ ಬರುತ್ತಿದ್ದವು. ಕ್ಷೌರದಂಗಡಿಯಲ್ಲಿ ಮಾತ್ರ ತಾನೊಂದು ಗೋದಾಮಿನ ಕಚೇರಿಯಲ್ಲಿ ಗುಮಾಸ್ತ ಎಂದು ಹೇಳಿಕೊಂಡಿದ್ದರು.

ಹಾಗಂತ ಆಟದ ಮೇಲೆ ಅವರಿಗೆ ಪ್ರೀತಿ ಇರಲಿಲ್ಲ ಅಂದರೆ ನಾಲಿಗೆಗೆ ಹುಳ ಬಿದ್ದೀತು. ನೂರು ವರ್ಷದ ಹಿಂದಿನ ಘಟಾನುಘಟಿಗಳ ಆಟಗಳು ಅವರಿಗೆ ಬಾಯಿಪಾಠ. ಸಂಜೆ ಮಣೆ ಹಾಸಿ, ಎರಡೂ ಕಡೆ ತಾವೇ ನಡೆಸುತ್ತ, ರಾಣಿಯನ್ನು ಬಲಿ ಕೊಡುವ ಘಳಿಗೆ ಬಂದಾಗ ನಿಜವಾಗಿಯೂ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದರು.

"ಗೆಲ್ಲೋದು ಯಾರು ಅಂತ ಗೊತ್ತಿದ್ದೂ ಬೆವರ್ತೀರಲ್ಲ ರೀ!" ಅನ್ನುತ್ತಿದ್ದರು ಹೆಂಡತಿ.

ಜೀವಂತ ಮನುಷ್ಯರ ಜೊತೆ ಆಡಿ ಇಪ್ಪತ್ತು ವರ್ಷವಾಗಿತ್ತು. ಜೀವಂತ ಮನುಷ್ಯರು ಪುಸ್ತಕದಲ್ಲಿ ಇದ್ದ ಹಾಗೆ ಆಡುವುದಿಲ್ಲ ಎಂಬುದು ಅವರ ದೂರು.

ಅಂಗಡಿಯ ಬೆಂಚಿನ ಮೇಲೆ ಇನ್ನೊಬ್ಬರು ಕೂರುತ್ತಿದ್ದರು, ನಿವೃತ್ತ ಪೋಸ್ಟ್‌ಮ್ಯಾನ್. ಎಲ್ಲರಿಗೂ ಅಂಚೆಯಣ್ಣ. ಬಾಗಿಲು ತೆರೆಯುವ ಹೊತ್ತಿಗೇ ಪುಟ್ಟ ಅಯಸ್ಕಾಂತದ ಮಣೆ ತಂದು, ಅದರ ಮೇಲೆ ಸಮಸ್ಯೆ ಜೋಡಿಸಿ, ಪೆನ್ಸಿಲ್ ಕಡಿಯುತ್ತ ಕೂರುವರು. ಕೆಲವು ವಾರ ಬಿಡಿಸುವರು, ಕೆಲವು ವಾರ ಇಲ್ಲ. ಬಿಡಿಸಿದ ವಾರವೂ ಮಾಸ್ಟರ್ ಹೇಳುವ ತನಕ ಬಾಯಿ ಬಿಡುತ್ತಿರಲಿಲ್ಲ. ದೊಡ್ಡವರ ಮುಂದೆ ಏನು ಅಂತ ಹೇಳುವುದು, ಎಂಬ ಸಂಕೋಚ. ಅದನ್ನು ಕಂಡಾಗಲೆಲ್ಲ ಮಾಸ್ಟರಿಗೆ ಎದೆ ಇನ್ನೊಂದು ಇಂಚು ಉಬ್ಬುತ್ತಿತ್ತು.

ಒಂದು ಗುರುವಾರ ಬಂದ ಉತ್ತರ ಎಷ್ಟು ಸೊಗಸಾಗಿತ್ತೆಂದರೆ, ಭಾನುವಾರ ಅದನ್ನು ಹೇಗೆ ಹೇಳಬೇಕು, ಎಲ್ಲಿ ಕೈ ಎತ್ತಬೇಕು ಎಂದು ಮಾಸ್ಟರ್ ಮೇಜಿನಲ್ಲೇ ತಾಲೀಮು ಶುರುಮಾಡಿದರು. ಉತ್ತರವನ್ನು ಮೂರು ಸಲ ಓದಿದರು. ಚಿತ್ರವನ್ನು ಒಂದು ಸಲವೂ ನೋಡಲಿಲ್ಲ. ಸಹಿ ಹಾಕಿ ಕಳಿಸಿಬಿಟ್ಟರು.

ಭಾನುವಾರ ಕಣ್ಣು ಮುಚ್ಚಿ ತೆರೆದು, ನೊರೆ ಹಾರುವಂತೆ ಕೈ ಬೀಸಿದರು. "ಬಿಳಿ ಕುದುರೆ ರಾಜನ ಹತ್ತಿರಕ್ಕೇ ಜಿಗಿಯುತ್ತೆ, ಚೆಕ್! ಕಾಲಾಳು ಅದನ್ನ ಹೊಡೆಯಲೇಬೇಕು. ಆಗ ರಾಣಿ ಒಳಗೆ ನುಗ್ತಾಳೆ. ಅಲ್ಲಿಗೆ ಕತೆ ಮುಗೀತು!"

ಅಂಚೆಯಣ್ಣ ಮಣೆ ನೋಡಿದರು, ಪತ್ರಿಕೆ ನೋಡಿದರು. "ಮಾಸ್ಟರ್, ಬಿಳಿ ಕುದುರೆ ಎಲ್ಲಿದೆ?"

ಮಾಸ್ಟರ್ ಪತ್ರಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಚಿತ್ರದಲ್ಲಿ ಬಿಳಿ ಕುದುರೆಯೇ ಇರಲಿಲ್ಲ.

"ಇಲ್ಲದ ಕುದುರೆ ನಿಮಗೊಬ್ಬರಿಗೇ ಹೇಗೆ ಕಾಣಿಸ್ತು?" ಅಂದ ಯಜಮಾನ.

ಮಾನ ಹೋಗುವ ಹೊತ್ತಿನಲ್ಲಿ ಮನುಷ್ಯನ ಬುದ್ಧಿ ಓಡುವಷ್ಟು ಚುರುಕಾಗಿ ಬೇರೆ ಯಾವಾಗಲೂ ಓಡುವುದಿಲ್ಲ. "ಅಚ್ಚಿನ ತಪ್ಪು," ಎಂದರು ಮಾಸ್ಟರ್ ಗಂಭೀರವಾಗಿ. "ಆ ಮನೆಯಲ್ಲಿ ಕುದುರೆ ಇರಲೇಬೇಕು. ಆಟ ಬಲ್ಲವನಿಗೆ ಅದು ಗೊತ್ತಾಗುತ್ತೆ."

ಅಚ್ಚಾಗದ ಕಾಯಿಯನ್ನೂ ಕಾಣುವ ಮಹಾನುಭಾವ! ಯಜಮಾನ ಕತ್ತಿ ಕೆಳಗಿಟ್ಟು ಕೈ ಮುಗಿದೇಬಿಟ್ಟ. ಅಂಚೆಯಣ್ಣನಿಗೆ ಮಾತ್ರ ಪಿತ್ತ ನೆತ್ತಿಗೇರಿತು.

"ಬೆಳಗಿನಿಂದ ತಲೆ ಕೆರೆದುಕೊಂಡು ಕೂತಿದ್ದೀನಿ! ಇದನ್ನ ನೋಡಬೇಕಾದ ದಂಡಪಿಂಡ ಯಾರು ಅಂತೀನಿ? ಸಂಬಳ ತಗೊಂಡು ನಿದ್ದೆ ಹೊಡೀತಾನಾ?"

"ಅಂಥವರು ಇರ್ತಾರೆ," ಎಂದರು ಮಾಸ್ಟರ್ ಸಣ್ಣ ದನಿಯಲ್ಲಿ.

ಅಲ್ಲೇ ಒಂದು ಬಿಳಿ ಹಾಳೆ ತರಿಸಿದರು. ಆ ಬೇಜವಾಬ್ದಾರಿ ಮನುಷ್ಯನನ್ನು ಕೂಡಲೇ ಮನೆಗೆ ಕಳಿಸಬೇಕೆಂದು ಅಂಚೆಯಣ್ಣ ಸಂಪಾದಕರಿಗೆ ಬರೆದರು. ಇಲ್ಲದ ಕುದುರೆಯನ್ನು ನಮ್ಮ ಮಾಸ್ಟರ್ ಕಂಡುಹಿಡಿದ ಬಗೆಯನ್ನೂ ವರ್ಣಿಸಿದರು. ಮೊದಲ ಸಹಿ ಮಾಸ್ಟರದ್ದೇ ಆಗಬೇಕೆಂದು ಎಲ್ಲರ ಒತ್ತಾಯ. ಅವರು ಯಾರಿಗೂ ಓದಲಾಗದಂತೆ ಗೀಚಿದರು. ಕೈ ಸುಮ್ಮನಿರಬೇಕಲ್ಲ, ಸಹಿಗೆ ಮೊದಲು ಪತ್ರದ ಎರಡು ಕಾಗುಣಿತ ತಪ್ಪುಗಳನ್ನೂ ತಿದ್ದಿದರು.

ಬುಧವಾರ ಸಂಪಾದಕರು ಆ ಪತ್ರ ಹಿಡಿದುಕೊಂಡೇ ಮೇಜಿನ ಹತ್ತಿರ ಬಂದರು. "ಓದಿದ್ರೇನ್ರೀ? ಇಂಥ ಕಣ್ಣಿರೋರು ಹೊರಗಿದ್ದಾರೆ, ನಾವು ನಿಮ್ಮನ್ನ ಇಟ್ಕೊಂಡಿದ್ದೀವಿ. ಭಾನುವಾರ ನಾನೇ ಆ ಅಂಗಡಿಗೆ ಹೋಗ್ತೀನಿ. ಹೊಸದೊಂದು ಸಮಸ್ಯೆ ಕೊಡ್ತೀನಿ. ಬಿಡಿಸಿದ್ರೆ ಚೆಸ್ ಅಂಕಣದ ಪ್ರೂಫ್ ಇನ್ಮೇಲೆ ಅವರೇ ನೋಡ್ಲಿ."

ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಗಂಡನ ಮುಖ ನೋಡಿ ಪಾಪ ಅನ್ನಿಸಿತು. "ಹೋಗಿ ನಿಜ ಹೇಳ್ಬಿಡಿ. ಬೈತಾರೆ, ಅಷ್ಟೇ ತಾನೆ?"

"ಒಂಬತ್ತು ವರ್ಷ ಕಣೇ," ಎಂದರು ಅವರು. ಅವರಿಗೆ ಕೆಲಸ ಹೋಗುವ ಭಯಕ್ಕಿಂತ, ಆ ಕುರ್ಚಿಯಲ್ಲಿ ತಾನು ಬರೀ ಕ್ಷೌರಕ್ಕೆ ಕೂತ ಮನುಷ್ಯನಾಗಿಬಿಡುವ ಭಯವೇ ದೊಡ್ಡದಾಗಿತ್ತು.

ಭಾನುವಾರ ಜ್ವರ ಎಂದು ಮುಸುಕು ಹೊದ್ದು ಮಲಗಿದರು. ಸೋಮವಾರ ವಾರದ ಗಡ್ಡ ಹೊತ್ತು ಕಚೇರಿಗೆ ಹೋದರು. ಅವರ ಮೇಜಿನ ಪಕ್ಕ ಇನ್ನೊಂದು ಕುರ್ಚಿ ಬಂದಿತ್ತು.

"ಆ ಮಾಸ್ಟರ್ ಪತ್ತೆ ಇಲ್ಲ," ಎಂದರು ಸಂಪಾದಕರು. "ಬೆಂಚಿನ ಮೇಲೆ ಕೂತಿದ್ದ ಇವರು ಮುಕ್ಕಾಲು ಗಂಟೆ ತಗೊಂಡು ಬಿಡಿಸಿದ್ರು. ಸ್ವಲ್ಪ ಕೆಲಸ ಹೇಳಿಕೊಡಿ." ಅಷ್ಟು ಹೇಳಿ ತಮ್ಮ ಕೋಣೆಗೆ ನಡೆದರು.

ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅಂಚೆಯಣ್ಣ ಬಾಗಿಲಲ್ಲಿ ನಿಂತಿದ್ದರು. ಮಾಸ್ಟರನ್ನು ಕಂಡ ಕೂಡಲೇ ಅವರ ಮುಖ ಅರಳಿತು. "ಅರೆ, ಮಾಸ್ಟರ್! ನಿಮ್ಮನ್ನೂ ಕರೆಸಿದ್ರಾ?" ಎನ್ನುತ್ತ ಹತ್ತಿರ ಬಂದರು. ಮೇಜಿನ ಮೇಲೆ, ಹೊಸಬರಿಗಾಗಿ ಈ ಸಲ ಮೊದಲೇ ತರಿಸಿದ್ದ ಮುಂದಿನ ಭಾನುವಾರದ ಹಾಳೆ ಇತ್ತು. ಅಂಚೆಯಣ್ಣ ಕನ್ನಡಕ ಏರಿಸಿ, ಚಿತ್ರವನ್ನು ನೋಡಿದರು. ಕೆಳಗಿದ್ದ ಉತ್ತರವನ್ನೂ ನೋಡಿದರು. ಆಮೇಲೆ ಬಹಳ ಹೊತ್ತು ಮಾಸ್ಟರ ಮುಖವನ್ನು ನೋಡಿದರು.

ಬೈಯಲಿಲ್ಲ. ಉತ್ತರದ ಮೇಲೆ ಒಂದು ಬಿಳಿ ಹಾಳೆ ಮುಚ್ಚಿ, ಚಿತ್ರವನ್ನು ಅವರ ಮುಂದಕ್ಕೆ ಸರಿಸಿದರು.

"ಈಗ ಹೇಳಿ ನೋಡೋಣ," ಎಂದರು.