ರೊಟ್ಟಿ ಚೀಲದಲ್ಲಿ ರಬ್ಬರ್ ಪಟ್ಟಿ

ಯಾರ ಕೈಯನ್ನೂ ಹಿಡಿಯದೆ ಬಸ್ಸು ಹತ್ತಬೇಕಾದರೆ ತೋಳು, ತೊಡೆ ಗಟ್ಟಿಯಾಗಬೇಕು ಎಂದಿದ್ದರು ಡಾಕ್ಟರು. ಇಂಡಿಯಿಂದ ಮುದ್ದೇಬಿಹಾಳಕ್ಕೆ, ಮೊಮ್ಮಕ್ಕಳೇ, ನಿಮ್ಮ ಮನೆಗೆ, ತಿಂಗಳಿಗೊಮ್ಮೆ ಬರುವವಳು ನಾನು. ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ನಾಚುತ್ತಲೇ ಆಟ-ವ್ಯಾಯಾಮದ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು ಕಬ್ಬಿಣದ ಡಂಬೆಲ್ಸ್ ತೆಗೆದಿಟ್ಟ.

"ಇದನ್ನ ಚೀಲದಾಗ ಇಟ್ರ ನನ್ನ ಮೊಮ್ಮಕ್ಕಳು ರೊಟ್ಟಿ ಬದಲಿ ನುಚ್ಚು ತಿನ್ನಬೇಕಾಗ್ತೈತಿ, ತಮ್ಮಾ."

ಅವನು ನಕ್ಕು, ಎಳೆದು ವ್ಯಾಯಾಮ ಮಾಡುವ ಒಂದು ರಬ್ಬರ್ ಪಟ್ಟಿ ಕೊಟ್ಟ. "ಎಳದ ನೋಡ್ರಿ, ಆಯಿ."

ಗೋಡೆಯ ಕಡೆ ತಿರುಗಿ ಎಳೆದೆ. ಅಷ್ಟು ಹಗುರವಾದದ್ದು ನನ್ನ ತೋಳನ್ನೇ ನಡುಗಿಸಿತು! ಕೊಂಡು, ಮಡಚಿ ಕಡಕ್ ರೊಟ್ಟಿಗಳ ಮೇಲಿಟ್ಟೆ, ಒಂದೂ ಮುರಿಯಲಿಲ್ಲ.

ಬಸ್ಸು ಬಂತು. ಮೆಟ್ಟಿಲು ಎಂದಿನಷ್ಟೇ ಎತ್ತರವಿತ್ತು. ಕಂಡಕ್ಟರ್ ಕೈ ಚಾಚಿದ.

"ಇವತ್ತ ಕೈ ಹಿಡಿಯಪ್ಪಾ," ಎಂದೆ. "ಮುಂದಿನ ತಿಂಗಳ ಈ ರೊಟ್ಟಿ ಚೀಲ ಅಷ್ಟ ಹಿಡಿ."