ಹನ್ನೊಂದನೆಯ ತಗಡು

ಶಾಪ ತಟ್ಟುತ್ತದೆ ಎನ್ನುವವರನ್ನು ಕಂಡರೆ ನಗುತ್ತಿದ್ದವನು ನಾನು. ವಿಜ್ಞಾನದ ಪದವೀಧರ, ಹಿಂದೂಪುರದ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಈಗ ಓದುಗರು ನನ್ನನ್ನು ಕಂಡು ನಗುವುದಾದರೆ ಧಾರಾಳವಾಗಿ ನಗಬಹುದು.

ಹತ್ತಿಯ ನಾರನ್ನು ಆಸಿಡ್‌ನಲ್ಲಿ ಬೇಯಿಸಿ, ಕಾರಿನ ಬಣ್ಣಕ್ಕೆ ಬೆರೆಸುವ ಬಿಳಿ ರೆಸಿನ್ ಪುಡಿ ತಯಾರಿಸುವುದು ನಮ್ಮ ಕೆಲಸ. ಹದ ಬಂದ ಕೂಡಲೇ ಕ್ಷಾರ ಹಾಕಿ ಆಸಿಡ್ಡನ್ನು ಮುರಿಯಬೇಕು. ತಡವಾದರೆ ಇಡೀ ಪಾಕ ನೀರು. ಆ ಹದ ಬಲ್ಲವನು ಕಲ್ಯಾಣದುರ್ಗದ ಆಪರೇಟರ್ ತಿಪ್ಪೇಸ್ವಾಮಿ. ಗಾಜಿನ ಕಡ್ಡಿ ಅದ್ದಿ, ಎಳೆ ತೆಗೆದು ನೋಡಿ "ಈಗ" ಎನ್ನುತ್ತಿದ್ದ. ಒಮ್ಮೆ ಅವನು "ಈಗ" ಎಂದಾಗ ಮ್ಯಾನೇಜರ್ ಫೋನಿನಲ್ಲಿದ್ದರು. ತಾಳು ಎಂದು ಕೈ ತೋರಿಸಿದರು. ಪಾಕ ಕೆಟ್ಟಿತು. ಆಪರೇಟರ್ ನಿದ್ದೆ ಹೋಗಿದ್ದ ಎಂದು ವರದಿ ಬರೆದರು. ಎಲ್ಲವನ್ನೂ ಕಣ್ಣಾರೆ ಕಂಡಿದ್ದ ನಾನು ಅದಕ್ಕೆ ಪರಮ ಗಾಂಭೀರ್ಯದಿಂದ ಸಹಿ ಹಾಕಿದೆ.

ಕೆಲಸ ಕಳೆದುಕೊಂಡು ಹೊರಟ ತಿಪ್ಪೇಸ್ವಾಮಿ ಗೇಟಿನ ಬಳಿ ನನ್ನ ಕಡೆ ತಿರುಗಿದ. "ಕಳ್ಳನ ತರ ತಲೆ ಬಗ್ಗಿಸ್ಕಂಡು ಹೋಯ್ತಿದೀನಿ ಸಾರ್. ಆ ಮ್ಯಾನೇಜರ್ರೂ ಜನದ ಮುಂದೆ ಮುಖ ಮುಚ್ಕಂಡು ತಿರುಗ್ಲಿ. ನೋಡ್ತಾ ಇರಿ."

ತಿಂಗಳ ಮೇಲೆ ಬಣ್ಣದ ಕಂಪನಿಯವರು ನಮ್ಮ ಪುಡಿ ಬೆರೆಸಿದ ಬಣ್ಣದ ಪರೀಕ್ಷೆಗೆ ಬಂದರು. ತಗಡಿಗೆ ಬಣ್ಣ ಹೊಡೆದು, ಒವನ್‌ನಲ್ಲಿಟ್ಟು ತೆಗೆದರೆ ಮೈತುಂಬ ಸಿಡುಬಿನ ಕಲೆಯಂಥ ಗುಂಡಿಗಳು. ಎಣ್ಣೆ ಸೋಕಿದರೆ ಹೀಗಾಗುತ್ತದೆ. ಎಣ್ಣೆ ಹಚ್ಚಿದ ತಲೆಗೆ ಬಣ್ಣ ಹೊಡೆಯುವ ಕೋಣೆಯಲ್ಲಿ ಪ್ರವೇಶವೇ ಇಲ್ಲ. ಎಲ್ಲರೂ ಸೋಪು ಹಾಕಿ ತಲೆ ತೊಳೆದುಕೊಂಡೆವು. ಮತ್ತೆ ಗುಂಡಿ. ಬಂದವರು ಮ್ಯಾನೇಜರ್ ಅವರ ಎಣ್ಣೆ ತೀಡಿದ ಮೀಸೆಯನ್ನೇ ನೋಡತೊಡಗಿದರು. ಇಪ್ಪತ್ತು ವರ್ಷದ ಆ ಮೀಸೆ ಎದುರಿನ ಕ್ಷೌರದಂಗಡಿಯಲ್ಲಿ ಧರೆಗಿಳಿಯಿತು. ಕೆಲಸಗಾರರ ಮುಂದೆ ಅವರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಮರಳಿದರು. ಆದರೂ ಹತ್ತನೆಯ ತಗಡು ಹಾಳು. ಎಲ್ಲರೂ ಊಟಕ್ಕೆ ಹೋದಾಗ ನಾನೊಬ್ಬನೇ ಇನ್ನೊಂದು ಹೊಡೆದೆ, ಅದೂ ಕೆಟ್ಟಿತು. ಯಾರಿಗೂ ಹೇಳದೆ ಬ್ಯಾಗಿನಲ್ಲಿ ಬಚ್ಚಿಟ್ಟೆ.

ದೋಷ ಮಾಲಿನದೇ, ಹದ ಬಲ್ಲವನನ್ನು ಕರೆತನ್ನಿ ಎಂದು ಮಾಲೀಕರು ನನ್ನನ್ನೇ ಕಲ್ಯಾಣದುರ್ಗಕ್ಕೆ ಅಟ್ಟಿದರು. ತಿಪ್ಪೇಸ್ವಾಮಿ ಜಗಲಿಯಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದ.

"ಬನ್ನಿ ಸಾರ್, ಕೂತ್ಕಳಿ. ಹನ್ನೊಂದು ತಗಡೂ ಹೋದ್ವಾ?"

"ಹತ್ತು ಕಣಪ್ಪ."

ಅವನು ನನ್ನ ಬ್ಯಾಗು ನೋಡಿ ನಕ್ಕ. "ಮ್ಯಾನೇಜರ್ದು ಮುಗೀತು. ನಾಳೆಯಿಂದ ಬಣ್ಣ ನಿಲ್ತೈತೆ, ಹೋಗಿ. ನಾನಂತೂ ಬರಲ್ಲ. ಸೈನ್ ಹಾಕಿದ್ರಲ್ಲ, ನಿಮ್ದಿನ್ನೂ ಐತೆ."

ಮರುದಿನ ಅದೇ ಪುಡಿ, ಅದೇ ಬಣ್ಣ, ಕನ್ನಡಿಯ ಹಾಗೆ ಹೊಳೆಯಿತು. ಕಾರಣ ಹುಡುಕಿ ಸೋತಿದ್ದೇನೆ. ನನ್ನ ಸಹಿ ಸುಳ್ಳೆಂದು ಮಾಲೀಕರಿಗೆ ಬರೆದುಕೊಟ್ಟೆ. ಆದರೂ ತಿಪ್ಪೇಸ್ವಾಮಿ ಕೆಲಸಕ್ಕೆ ಮರಳಲಿಲ್ಲ. ನಾಲ್ಕು ವರ್ಷವಾಯಿತು, ನನಗೆ ಇನ್ನೂ ಏನೂ ಆಗಿಲ್ಲ. ದಿನವೂ ಕಾಯುತ್ತಿದ್ದೇನೆ. ಅವನು ಹೇಳಿದ್ದು ಈ ಕಾಯುವಿಕೆಯನ್ನೇ ಏನೋ, ತಿಳಿಯದು.